ಸಿ.ಟಿ. ಸ್ಕ್ಯಾನ್‌ಗೆ ಕಾಣದ ಕಿವಿ

ತಲೆಗೆ ಪೆಟ್ಟು ಬಿದ್ದವರನ್ನು ಆಸ್ಪತ್ರೆಗೆ ಕರೆದೊಯ್ದಾಗ ಮನೆಯವರ ಜೀವವೆಲ್ಲ ಸಿ.ಟಿ. ಸ್ಕ್ಯಾನ್ ವರದಿಯ ಮೇಲಿರುತ್ತದೆ. ಮೆದುಳಿನಲ್ಲಿ ರಕ್ತಸ್ರಾವವಿಲ್ಲ, ಬುರುಡೆ ಬಿರುಕು ಬಿಟ್ಟಿಲ್ಲ ಎಂದು ವೈದ್ಯರು ಹೇಳಿದೊಡನೆ ದೇವರಿಗೆ ಕೈಮುಗಿದು ಮನೆಗೆ ಬರುತ್ತೇವೆ. ಗಂಡಾಂತರ ಅಲ್ಲಿಗೆ ಕಳೆಯಿತು ಎಂದುಕೊಳ್ಳುತ್ತೇವೆ. ಆ ಸಮಾಧಾನದಲ್ಲಿ ತಪ್ಪೇನಿಲ್ಲ, ಮೊದಲು ತಿಳಿಯಬೇಕಾದದ್ದೂ ಅದೇ. ಆದರೆ ಆ ವರದಿ ಮುಖ್ಯವಾಗಿ ಮೆದುಳಿನ ಮತ್ತು ಬುರುಡೆಯ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಕಿವಿ ಹೇಗೆ ಕೆಲಸ ಮಾಡುತ್ತಿದೆ ಎಂಬುದನ್ನಲ್ಲ. ತಲೆಯ ಎರಡೂ ಬದಿಯ ಮೂಳೆಗಳೊಳಗೆ ಹುದುಗಿರುವ ಒಳಗಿವಿಯು ನಾವು ಕೇಳುವುದಕ್ಕೂ ನೆಟ್ಟಗೆ ನಿಲ್ಲುವುದಕ್ಕೂ ಬೇಕಾದ ಅಂಗ. ಅದೇ ಪೆಟ್ಟಿಗೆ ಅದೂ ನಲುಗಿರಬಹುದು ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಹೊಳೆಯುವುದೇ ಇಲ್ಲ.

ನಮ್ಮ ಚಿಕ್ಕಮ್ಮನ ವಿಷಯದಲ್ಲಿ ಆದದ್ದೂ ಹೀಗೆಯೇ. ಚಿಕ್ಕಪ್ಪನ ಸ್ಕೂಟರಿನ ಹಿಂದೆ, ಸೀರೆಯುಟ್ಟವರು ಕೂರುವಂತೆ ಎರಡೂ ಕಾಲುಗಳನ್ನು ಒಂದೇ ಬದಿಗೆ ಇಳಿಬಿಟ್ಟು ಕುಳಿತಿದ್ದ ಅವರು, ಬಣ್ಣ ಬಳಿಯದ ಹಂಪ್ ಒಂದರ ಮೇಲೆ ಗಾಡಿ ಎಗರಿದಾಗ ಹಿಂದಕ್ಕೆ ಬಿದ್ದರು. ಪೆಟ್ಟು ಬಿದ್ದದ್ದು ಎಡಗಿವಿಯ ಹಿಂಬದಿಗೆ. ಸ್ಕ್ಯಾನ್ ಆಯಿತು, ಒಂದು ರಾತ್ರಿ ನಿಗಾದಲ್ಲಿಟ್ಟು ಮನೆಗೆ ಕಳುಹಿಸಿದರು. ಕೆಲವು ದಿನ ಕಳೆದ ಮೇಲೆ, ಹಾಸಿಗೆಯಲ್ಲಿ ಎಡಮಗ್ಗುಲಿಗೆ ಹೊರಳಿದರೆ ಸಾಕು, ಇಡೀ ಕೋಣೆ ಗಿರ್ರನೆ ತಿರುಗತೊಡಗಿತು. ಬೆಳಿಗ್ಗೆ ರಂಗೋಲಿ ಹಾಕಲು ಬಗ್ಗಿದಾಗಲೂ ಅಟ್ಟದ ಮೇಲಿನ ಡಬ್ಬಿಗಾಗಿ ಕತ್ತೆತ್ತಿದಾಗಲೂ ಹಾಗೆಯೇ. ಪಿತ್ತ ಏರಿದೆ ಎಂದು ಪಕ್ಕದ ಮನೆಯವರು ಜೀರಿಗೆ ಕಷಾಯ ಹೇಳಿಕೊಟ್ಟರು, ಬಿ.ಪಿ. ಇಳಿದಿರಬೇಕೆಂದು ಮತ್ತೊಬ್ಬರು ಉಪ್ಪು ಬೆರೆಸಿದ ಲಿಂಬೆಹಣ್ಣಿನ ಪಾನಕ ಕುಡಿಸಿದರು. ವೈದ್ಯರೊಬ್ಬರು ಕತ್ತಿನ ಎಕ್ಸ್-ರೇ ನೋಡಿ, ಮೂಳೆ ಸವೆದಿದೆ ಎಂದು ಕಾಲರ್ ಹಾಕಿಸಿ, ತಲೆಸುತ್ತಿನ ಮಾತ್ರೆ ಬರೆದುಕೊಟ್ಟರು. ಐವತ್ತು ದಾಟಿದವರ ಕತ್ತಿನ ಎಕ್ಸ್-ರೇಯಲ್ಲಿ ಸವೆತ ಕಾಣಿಸದಿದ್ದರೇ ಆಶ್ಚರ್ಯ. ಆದರೂ ಅದನ್ನೇ ತೋರಿಸಿ ತಲೆಸುತ್ತಿಗೆ 'ಸ್ಪಾಂಡಿಲೈಟಿಸ್' ಎಂದು ಹೆಸರಿಡುವುದು ನಮ್ಮಲ್ಲಿ ಒಂದು ರೂಢಿಯಾಗಿಬಿಟ್ಟಿದೆ.

ಒಳಗಿವಿಯ ರಚನೆಯನ್ನು ಸ್ವಲ್ಪ ತಿಳಿದುಕೊಂಡರೆ ಈ ತೊಂದರೆ ನಿಗೂಢವೆನಿಸುವುದಿಲ್ಲ. ಶಂಖದಂತೆ ಸುರುಳಿಯಾಗಿರುವ ಭಾಗ ಶಬ್ದವನ್ನು ಗ್ರಹಿಸಿದರೆ, ಅದಕ್ಕೆ ಅಂಟಿಕೊಂಡಿರುವ ಮೂರು ಅರ್ಧವೃತ್ತಾಕಾರದ ನಾಳಗಳು ತಲೆ ಯಾವ ದಿಕ್ಕಿಗೆ ತಿರುಗಿತೆಂಬುದನ್ನು ಗುರುತಿಸುತ್ತವೆ. ನಾಳಗಳ ತುಂಬ ದ್ರವವಿದೆ. ಗಾರೆ ಕೆಲಸದವರ ರಸಮಟ್ಟದಲ್ಲಿ ಗುಳ್ಳೆ ಸರಿದದ್ದನ್ನು ಕಣ್ಣು ನೋಡಿ ತಿಳಿಯುವಂತೆ, ಇಲ್ಲಿ ದ್ರವ ಸರಿದದ್ದನ್ನು ಸೂಕ್ಷ್ಮ ರೋಮಗಳು ಅರಿತು ಮೆದುಳಿಗೆ ತಿಳಿಸುತ್ತವೆ. ಪಕ್ಕದ ಚೀಲವೊಂದರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ, ಅಂದರೆ ಸುಣ್ಣದ, ಅತಿ ಸಣ್ಣ ಹರಳುಗಳು ಅಂಟಿನ ಪದರದ ಮೇಲೆ ಕುಳಿತಿರುತ್ತವೆ. ಗುರುತ್ವಾಕರ್ಷಣೆಯ ದಿಕ್ಕು ನಮಗೆ ತಿಳಿಯುವುದು ಅವುಗಳ ಭಾರದಿಂದ. ವಯಸ್ಸಾದಂತೆ ಕೆಲವು ಹರಳುಗಳು ತಾವಾಗಿಯೇ ಕಳಚುತ್ತವೆ, ತಲೆಗೆ ಪೆಟ್ಟು ಬಿದ್ದರೆ ಒಮ್ಮೆಲೇ ಕಳಚಬಹುದು. ಕಳಚಿದವು ನಾಳದೊಳಕ್ಕೆ ಜಾರಿ, ಹೊರಳಿದಾಗಲೆಲ್ಲ ಅಲ್ಲಿನ ದ್ರವವನ್ನು ಕಲಕುತ್ತವೆ. ತಲೆ ತಿರುಗುವುದು ನಿಂತ ಮೇಲೂ ಮೆದುಳಿಗೆ 'ತಿರುಗುತ್ತಿದೆ' ಎಂಬ ಸುಳ್ಳು ಸುದ್ದಿ ಹೋಗುತ್ತಲೇ ಇರುತ್ತದೆ. ಈ ಹರಳುಗಳ ಗಾತ್ರ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸಿನದು. ಯಾವ ಸ್ಕ್ಯಾನಿನಲ್ಲೂ ಅವು ಕಾಣುವುದಿಲ್ಲ. ಹರಳು ಕಳಚಿ ಬರುವ ಈ ತಲೆಸುತ್ತನ್ನು ವೈದ್ಯರು ಬಿ.ಪಿ.ಪಿ.ವಿ. ಎನ್ನುತ್ತಾರೆ.

ಕಡೆಗೆ ಕಾಯಿಲೆಯನ್ನು ಹಿಡಿದವರು ಕಿವಿ, ಮೂಗು, ಗಂಟಲಿನ ತಜ್ಞೆಯೊಬ್ಬರು. ಯಂತ್ರಗಳ ನೆರವಿಲ್ಲದೆ, ಬರಿಯ ಮಂಚದ ಮೇಲೆ. ಕತ್ತಿನ ಮೂಳೆಗೆ ಏಟು ಬಿದ್ದಿಲ್ಲವೆಂದು ಖಚಿತಪಡಿಸಿಕೊಂಡ ಬಳಿಕ, ಚಿಕ್ಕಮ್ಮನನ್ನು ಕೂರಿಸಿ, ತಲೆಯನ್ನು 45 ಡಿಗ್ರಿ ಎಡಕ್ಕೆ ತಿರುಗಿಸಿ, ತಲೆ ಮಂಚದ ಅಂಚಿನಿಂದ ತುಸು ಕೆಳಗೆ ಬಾಗುವಂತೆ ಸರಕ್ಕನೆ ಹಿಂದಕ್ಕೆ ಮಲಗಿಸಿದರು. ಕಣ್ಣು ಮುಚ್ಚಬೇಡಿ ಎಂದರು. ಮೊದಲ ಕೆಲವು ಸೆಕೆಂಡು ಏನೂ ಆಗಲಿಲ್ಲ. ಅನಂತರ ಎರಡೂ ಕಣ್ಣುಗುಡ್ಡೆಗಳು ಕೆಳಗಿದ್ದ ಕಿವಿಯ ಕಡೆಗೆ ಸುತ್ತುತ್ತಾ ಅದುರತೊಡಗಿದವು. ಪಕ್ಕದಲ್ಲಿ ನಿಂತಿದ್ದ ನನಗೂ ಅದು ಸ್ಪಷ್ಟವಾಗಿ ಕಂಡಿತು. ಚಿಕ್ಕಮ್ಮ ತಜ್ಞೆಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಅರ್ಧ ನಿಮಿಷದೊಳಗೆ ಅದುರು ತಾನಾಗಿ ನಿಂತಿತು. ಅದಾದ ಮೇಲೆ ತಲೆಯನ್ನು ನಿಧಾನವಾಗಿ ಬಲಕ್ಕೆ ತಿರುಗಿಸಿ ಸ್ವಲ್ಪ ಹೊತ್ತು ಹಿಡಿದು, ಮೂಗು ನೆಲದ ಕಡೆ ನೋಡುವಂತೆ ಇಡೀ ಮೈಯನ್ನು ಮಗ್ಗುಲಾಗಿಸಿ, ಕೊನೆಗೆ ಎಬ್ಬಿಸಿ ಕೂರಿಸಿದರು. ಹರಳುಗಳನ್ನು ನಾಳದಿಂದ ಹೊರಗುರುಳಿಸಿ ಮತ್ತೆ ಚೀಲಕ್ಕೆ ಸೇರಿಸುವುದಷ್ಟೇ ಈ ಕ್ರಮದ ಉದ್ದೇಶ. ಸಾಮಾನ್ಯ ಬಿ.ಪಿ.ಪಿ.ವಿ.ಯಲ್ಲಿ ಹತ್ತರಲ್ಲಿ ಎಂಟು ಮಂದಿಗೆ ಒಂದೆರಡು ಸಲದಲ್ಲೇ ಗುಣ ಕಾಣುತ್ತದೆ. ಪೆಟ್ಟಿನಿಂದ ಬಂದದ್ದು ಹೆಚ್ಚು ಹಟಮಾರಿ: ಎರಡೂ ಕಿವಿಗಳಲ್ಲಿ ಇರುವ ಸಾಧ್ಯತೆ ಹೆಚ್ಚು, ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಚಿಕ್ಕಮ್ಮನಿಗೂ ಒಂದೇ ಸಲಕ್ಕೆ ಮುಗಿಯಲಿಲ್ಲ.

ಈ ಪರೀಕ್ಷೆಯನ್ನು ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ಬ್ರಿಟಿಷ್ ವೈದ್ಯರು 1952ರಲ್ಲೇ ವಿವರಿಸಿದ್ದರು. ಚಿಕಿತ್ಸೆಯನ್ನು ರೂಪಿಸಿದವರು ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಜಾನ್ ಎಪ್ಲಿ. 1980ರಲ್ಲಿ ಅವರು ಇದನ್ನು ಮಾಡಿ ತೋರಿಸಿದಾಗ, ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿದರೆ ಕಾಯಿಲೆ ವಾಸಿಯಾಗುತ್ತದೆಂದು ಸಹವೈದ್ಯರು ನಂಬಲಿಲ್ಲ. ಅವರ ಲೇಖನ ಅಚ್ಚಾದದ್ದು 1992ರಲ್ಲಿ. ಇದಕ್ಕೂ ಬಹಳ ಹಿಂದೆ ವಿಯೆನ್ನಾದ ರಾಬರ್ಟ್ ಬಾರಾನಿ, ಕಿವಿಗೆ ತಣ್ಣೀರು ಅಥವಾ ಬಿಸಿನೀರು ಬಿಟ್ಟಾಗ ಕಣ್ಣುಗಳು ಅದುರುವುದನ್ನು ಗಮನಿಸಿ, ಒಳಗಿವಿಯನ್ನು ಪರೀಕ್ಷಿಸುವ ದಾರಿಯನ್ನೇ ತೆರೆದಿದ್ದರು. ಅದಕ್ಕೆ 1914ರ ನೊಬೆಲ್ ಬಹುಮಾನ ಬಂದಾಗ ಅವರು ರಷ್ಯನ್ನರ ಯುದ್ಧಕೈದಿಯಾಗಿದ್ದರು.

ತಲೆಸುತ್ತೆಲ್ಲವೂ ಹರಳಿನದೇ ಎಂದು ಯಾರೂ ತೀರ್ಮಾನಿಸಬಾರದು. ವೈದ್ಯರ ಬಳಿ ಹೋಗುವಾಗ 'ಹೇಗೆ ಸುತ್ತುತ್ತದೆ' ಎಂಬ ವರ್ಣನೆಗಿಂತ 'ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಜೊತೆಯಲ್ಲಿ ಇನ್ನೇನಾಗುತ್ತದೆ' ಎಂಬ ಮೂರು ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಹೆಚ್ಚು ಉಪಯುಕ್ತ. ಹೊರಳಿದಾಗ ಮಾತ್ರ ಬಂದು ಒಂದು ನಿಮಿಷದೊಳಗೆ ಹೋಗುವುದು ಹರಳಿನ ಲಕ್ಷಣ. ಮಲಗಿದ್ದವರು ಎದ್ದು ನಿಂತಾಗ ಕಣ್ಣು ಕತ್ತಲೆ ಕಟ್ಟಿದರೆ ರಕ್ತದೊತ್ತಡವನ್ನು ಮಲಗಿದಾಗೊಮ್ಮೆ, ನಿಂತು ಮೂರು ನಿಮಿಷದೊಳಗೊಮ್ಮೆ ಅಳೆಯಬೇಕು; ಮೇಲಿನ ಅಂಕಿ 20ರಷ್ಟು ಇಳಿದರೆ ಅಲ್ಲೇ ಉತ್ತರವಿದೆ, ಬಿ.ಪಿ. ಮಾತ್ರೆಯ ಪ್ರಮಾಣ ಬದಲಿಸಬೇಕಾಗಬಹುದು. ಇಪ್ಪತ್ತು ನಿಮಿಷದಿಂದ ಹಲವು ಗಂಟೆಗಳವರೆಗೆ ತಲೆ ಸುತ್ತಿ, ಜೊತೆಗೆ ಒಂದು ಕಿವಿ ಗುಂಯ್‌ಗುಡುತ್ತಾ ಮಂದವಾಗಿ, ಆಮೇಲೆ ಮತ್ತೆ ತೆರೆದುಕೊಳ್ಳುತ್ತಿದ್ದರೆ ಅದು ಒಳಗಿವಿಗೆ ಬರುವ ಮೆನಿಯೇರ್ ಕಾಯಿಲೆಯಿರಬಹುದು. ಅಂಥವರಿಗೆ ವೈದ್ಯರು ಉಪ್ಪು ಕಡಿಮೆ ಮಾಡಲು ಹೇಳುತ್ತಾರೆ. ನಮ್ಮ ಊಟದಲ್ಲಿ ಆ ಉಪ್ಪು ಸಾರಿಗಿಂತ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿ ಅಡಗಿರುತ್ತದೆ. ದಿನಗಟ್ಟಲೆ ಬಿಡದೆ ಸುತ್ತಿದರೆ ಸಮತೋಲನದ ನರದ ಉರಿಯೂತವನ್ನೂ ಪಾರ್ಶ್ವವಾಯುವನ್ನೂ ಬೇರ್ಪಡಿಸಿ ನೋಡಬೇಕಾಗುತ್ತದೆ, ಅದು ಆಸ್ಪತ್ರೆಯಲ್ಲಿ ಆಗಬೇಕಾದ ಕೆಲಸ. ಮೈಗ್ರೇನ್ ಇರುವವರಿಗೆ ತಲೆನೋವಿಲ್ಲದೆಯೂ ತಲೆಸುತ್ತು ಬರುತ್ತದೆ.

ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳೂ ಇವೆ. ತಲೆಸುತ್ತಿನೊಡನೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮುಖ ಸೊಟ್ಟಗಾದರೆ, ಕೈಕಾಲಿನ ಶಕ್ತಿ ಕುಗ್ಗಿದರೆ, ಆಧಾರವಿಲ್ಲದೆ ನಿಲ್ಲಲೇ ಆಗದಿದ್ದರೆ ಅದನ್ನು ಪಿತ್ತವೆಂದು ಮಲಗಿಸುವುದು ಅಪಾಯಕಾರಿ. ತಲೆಗೆ ಪೆಟ್ಟು ಬಿದ್ದವರು ಪದೇಪದೇ ವಾಂತಿ ಮಾಡಿಕೊಂಡರೆ, ಎಬ್ಬಿಸಿದರೂ ಮಂಪರಿನಲ್ಲೇ ಇದ್ದರೆ, ಫಿಟ್ಸ್ ಬಂದರೆ, ಕಿವಿಯಿಂದಲೋ ಮೂಗಿನಿಂದಲೋ ತಿಳಿನೀರು ತೊಟ್ಟಿಕ್ಕಿದರೆ, ಕಿವಿಯ ಹಿಂದೆ ಒಂದೆರಡು ದಿನದಲ್ಲಿ ನೀಲಿಗಟ್ಟಿದರೆ ಮತ್ತೆ ತೋರಿಸಲೇಬೇಕು. ಕೊನೆಯ ಎರಡು ಬುರುಡೆಯ ತಳದ ಮೂಳೆ ಬಿರಿದದ್ದರ ಗುರುತುಗಳು. ವಯಸ್ಸಾದವರಲ್ಲಿ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಮೊದಲ ಸ್ಕ್ಯಾನ್ ಚೆನ್ನಾಗಿದ್ದರೂ ಕೆಲವು ವಾರಗಳ ಬಳಿಕ ಮೆದುಳಿನ ಹೊದಿಕೆಯಡಿ ನಿಧಾನವಾಗಿ ರಕ್ತ ಶೇಖರವಾಗಬಹುದು. ನಡಿಗೆ ತಪ್ಪುವುದು, ಮಂಕಾಗುವುದು, ಮರೆವು ಹೆಚ್ಚುವುದು ಅದರ ಸೂಚನೆಗಳು. ವಯಸ್ಸಾಯಿತಲ್ಲ ಎಂದು ಸುಮ್ಮನಾಗದೆ ಸ್ಕ್ಯಾನನ್ನು ಮತ್ತೊಮ್ಮೆ ಮಾಡಿಸಬೇಕು.

ತಲೆಸುತ್ತಿನ ಮಾತ್ರೆಗಳ ವಿಷಯದಲ್ಲಿ ನನ್ನ ಅಸಮಾಧಾನವನ್ನು ಹೇಳದಿರಲಾರೆ. ಸಿನ್ನರಿಜಿನ್, ಪ್ರೊಕ್ಲೋರ್‌ಪೆರಜಿನ್ ಮೊದಲಾದವು ತೀವ್ರವಾದ ವಾಂತಿ ಮತ್ತು ಸುತ್ತನ್ನು ಒಂದೆರಡು ದಿನ ತಡೆಯುವುದಕ್ಕೆ ಒಳ್ಳೆಯ ಔಷಧಗಳು. ಆದರೆ ನಾಳದಲ್ಲಿ ಸಿಕ್ಕಿಕೊಂಡ ಹರಳನ್ನು ಯಾವ ಮಾತ್ರೆಯೂ ಕದಲಿಸುವುದಿಲ್ಲ. ಹಳೆಯ ಚೀಟಿಯನ್ನೇ ಮೆಡಿಕಲ್ ಸ್ಟೋರಿನಲ್ಲಿ ತೋರಿಸಿ ತಿಂಗಳುಗಟ್ಟಲೆ ನುಂಗುತ್ತಾ ಹೋದರೆ ಹಿರಿಯರಲ್ಲಿ ಕೈನಡುಕ, ನಡಿಗೆಯ ಬಿಗಿತದಂಥ ಪಾರ್ಕಿನ್‌ಸನ್ ಲಕ್ಷಣಗಳು ಕಾಣಿಸಿಕೊಳ್ಳಬಹುದು. ಇನ್ನೊಂದು ತೊಡಕೆಂದರೆ, ಒಂದು ಕಿವಿಯಿಂದ ಬರುವ ಸಂಕೇತ ಕುಗ್ಗಿದಾಗ ಮೆದುಳು ತಾನೇ ಅದಕ್ಕೆ ಹೊಂದಿಕೊಳ್ಳುತ್ತದೆ. ಈ ಮಾತ್ರೆಗಳು ಆ ಕಲಿಕೆಯನ್ನೇ ಮಂದಗೊಳಿಸುತ್ತವೆ. ಕಲಿಕೆಗೆ ಬೇಕಾದದ್ದು ಚಲನೆ. ಇಂಗ್ಲೆಂಡಿನ ಕಾಥಾರ್ನ್ ಮತ್ತು ಕುಕ್ಸೆ ಎಂಬ ವೈದ್ಯರು 1940ರ ದಶಕದಲ್ಲೇ ತಲೆಗೆ ಪೆಟ್ಟಾದವರಿಗೆ ಇಂಥ ವ್ಯಾಯಾಮಗಳನ್ನು ರೂಪಿಸಿದ್ದರು. ಕ್ಯಾಲೆಂಡರಿನ ಒಂದು ಅಂಕಿಯನ್ನು ದಿಟ್ಟಿಸುತ್ತಾ, ಅದು ಮಸುಕಾಗದ ವೇಗದಲ್ಲಿ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುವುದು ಚಿಕ್ಕಮ್ಮನಿಗೆ ಫಿಸಿಯೋಥೆರಪಿಯವರು ಹೇಳಿಕೊಟ್ಟ ಮೊದಲ ಪಾಠವಾಗಿತ್ತು. ಮೊದಮೊದಲು ತಲೆಸುತ್ತು ಹೆಚ್ಚಿದಂತೆ ಅನಿಸಿತು, ಹಾಗೆ ಅನಿಸುವುದು ಸಹಜವೆಂದು ಅವರು ಮುಂಚೆಯೇ ಹೇಳಿದ್ದರಿಂದ ಬಿಡದೆ ಮುಂದುವರಿಸಿದರು.

ಇನ್ನು ಕೇಳಿಸುವಿಕೆ. ತಲೆಸುತ್ತಿನ ಗಲಾಟೆಯಲ್ಲಿ ಇದನ್ನು ಯಾರೂ ವಿಚಾರಿಸಿರಲಿಲ್ಲ. ಮನೆಗೆ ಬಂದ ನೆಂಟರು ಊಟಕ್ಕೆ ಕುಳಿತು 'ಸಾಕು' ಎಂದರೆ ಚಿಕ್ಕಮ್ಮನಿಗೆ ಅದು 'ಹಾಕು' ಎಂದು ಕೇಳಿಸಿ ಮತ್ತೊಂದು ಸೌಟು ಅನ್ನ ಬೀಳುತ್ತಿತ್ತು. ಎಲ್ಲರೂ ಅದನ್ನು ಅವರ ಉಪಚಾರವೆಂದೇ ತಿಳಿದು ನಕ್ಕಿದ್ದರು. ತಜ್ಞೆ ಸದ್ದಿಲ್ಲದ ಕೋಣೆಯಲ್ಲಿ ಆಡಿಯೋಗ್ರಾಮ್, ಅಂದರೆ ಯಾವ ಕಂಪನದ ಸದ್ದು ಎಷ್ಟು ಕೇಳಿಸುತ್ತದೆಂಬುದರ ನಕ್ಷೆ, ಮಾಡಿಸಿದಾಗ, ಎಡಗಿವಿಯ ಗೆರೆ 2,000 ಹರ್ಟ್ಸ್‌ವರೆಗೆ ಸರಿಯಾಗಿದ್ದು 4,000ದ ಹತ್ತಿರ ದಿಢೀರನೆ ಕೆಳಗಿಳಿದಿತ್ತು. ಸ್ವರಗಳ ಶಕ್ತಿಯೆಲ್ಲ ಕೆಳಗಿನ ಕಂಪನಗಳಲ್ಲಿರುವುದರಿಂದ ಯಾರೋ ಮಾತನಾಡುತ್ತಿದ್ದಾರೆಂಬುದು ಚೆನ್ನಾಗಿಯೇ ತಿಳಿಯುತ್ತದೆ. ಸ, ಶದಂಥ ವ್ಯಂಜನಗಳು ಮೇಲಿನ ಕಂಪನಗಳಲ್ಲಿರುವುದರಿಂದ ಏನು ಹೇಳಿದರೆಂಬುದು ತಪ್ಪಿಹೋಗುತ್ತದೆ. ಮೂಳೆ ಬಿರಿಯದೆಯೂ ಪೆಟ್ಟಿನ ಅಲುಗಾಟಕ್ಕೇ ಒಳಗಿವಿಯ ರೋಮಕೋಶಗಳು ಹೀಗೆ ಹಾಳಾಗಬಹುದು. ಇಂಥ ನಷ್ಟ ಮರಳುವುದು ಕಷ್ಟ, ಶ್ರವಣಸಾಧನವೇ ದಾರಿ. ಪೆಟ್ಟಿನಿಂದ ನಡುಗಿವಿಯಲ್ಲಿ ರಕ್ತ ತುಂಬಿದ್ದರೆ ಸಾಮಾನ್ಯವಾಗಿ ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ; ಅಲ್ಲಿನ ಪುಟ್ಟ ಮೂಳೆಗಳ ಸರಪಳಿ ಕಳಚಿದ್ದರೆ ಶಸ್ತ್ರಚಿಕಿತ್ಸೆಯಿಂದ ಜೋಡಿಸಬಹುದು. ಯಾವುದೆಂದು ತಿಳಿಯಲು ಪರೀಕ್ಷೆ ಬೇಕು, ಕೆಲವೊಮ್ಮೆ ಕಿವಿಯ ಮೂಳೆಗೆಂದೇ ಪ್ರತ್ಯೇಕ ಸಿ.ಟಿ. ಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕೆಲಸವನ್ನೇ ಮಾಡುತ್ತಿದೆ, ನಮ್ಮ ರಾಜ್ಯದವರು ಅದನ್ನು ಬಳಸಿಕೊಳ್ಳಬೇಕು.

ಎಂಥ ಪೆಟ್ಟೂ ಇಲ್ಲದೆ ಬೆಳಗಾಗುವಷ್ಟರಲ್ಲಿ ಒಂದು ಕಿವಿ ಮುಚ್ಚಿಹೋದರೆ ಅದನ್ನೂ ಗುಗ್ಗೆ ಕಟ್ಟಿದೆಯೆಂದು ಬಿಡಬಾರದು. ಮೂರು ದಿನದೊಳಗೆ ಶ್ರವಣಶಕ್ತಿ ಹಠಾತ್ತನೆ ಕುಸಿಯುವ ಈ ಸ್ಥಿತಿಗೆ ಸ್ಟೆರಾಯ್ಡ್ ಚಿಕಿತ್ಸೆಯಿದೆ. ಆದಷ್ಟು ಬೇಗ, ಹೆಚ್ಚೆಂದರೆ ಎರಡು ವಾರದೊಳಗೆ ಆರಂಭಿಸಿದರೆ ಫಲ ಹೆಚ್ಚು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುತ್ತಾ ಕೂತರೆ ಆ ಅವಧಿ ಕಳೆದುಹೋಗುತ್ತದೆ. ತಲೆಗೆ ಪೆಟ್ಟಾದವರ ಕಿವಿಗಂತೂ ಎಣ್ಣೆಯಾಗಲಿ ನೀರಾಗಲಿ ಹೋಗಲೇಬಾರದು, ತಮಟೆ ಹರಿದಿದ್ದರೆ ಸೋಂಕು ನೇರ ಒಳಕ್ಕಿಳಿಯುತ್ತದೆ.

ಮನೆಯಲ್ಲಿ ಮಾಡಿಕೊಂಡ ಬದಲಾವಣೆಗಳು ದೊಡ್ಡವೇನಲ್ಲ. ಒಳಗಿವಿ ಸೋತಾಗ ಮೈ ಕಣ್ಣನ್ನೂ ಅಂಗಾಲನ್ನೂ ನಂಬಿ ನಿಲ್ಲುತ್ತದೆ, ಆದ್ದರಿಂದ ಕತ್ತಲೆಯಲ್ಲಿ ಜೋಲಿ ಹೊಡೆಯುವುದು ಹೆಚ್ಚು. ಬಚ್ಚಲುಮನೆಯ ದಾರಿಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ ಹಾಕಿದೆವು, ಹಳೆ ಸೀರೆಯ ಜಾರುವ ಕಾಲೊರಸುಗಳನ್ನು ತೆಗೆದೆವು, ಗೋಡೆಗೆ ಹಿಡಿಕೆ ಹಾಕಿಸಿದೆವು. ಹೆಲ್ಮೆಟ್ ಕೂಡ ಬದಲಾಯಿತು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರಲ್ಲಿ. ಅದನ್ನು ಪಾಲಿಸಿದ್ದೇವೆಂದು ಪೊಲೀಸರಿಗೆ ತೋರಿಸಲು ನಾವು ಕೊಳ್ಳುವ ಅರ್ಧ ಹೆಲ್ಮೆಟ್ ನೆತ್ತಿಯನ್ನಷ್ಟೇ ಮುಚ್ಚುತ್ತದೆ, ಕಿವಿಯನ್ನು ಹೊತ್ತ ಮೂಳೆ ಬಯಲಿನಲ್ಲೇ ಉಳಿಯುತ್ತದೆ. ಐ.ಎಸ್.ಐ. ಗುರುತಿನ, ಕಿವಿಯನ್ನೂ ಗದ್ದವನ್ನೂ ಮುಚ್ಚುವ ಹೆಲ್ಮೆಟ್ ಈಗ ಚಿಕ್ಕಮ್ಮನದು. ಮುಡಿಗೆ ಹೂವು ಮುಡಿದು ಅದನ್ನು ಹಾಕಿಕೊಳ್ಳಲಾಗುವುದಿಲ್ಲ ಎಂಬ ಅವರ ದೂರು ನಿಜವೇ, ಅದಕ್ಕೆ ನಮ್ಮಲ್ಲಿ ಪರಿಹಾರವಿಲ್ಲ.

ಹರಳಿನ ತೊಂದರೆ ಒಮ್ಮೆ ಬಂದವರಿಗೆ ಮರುಕಳಿಸುವುದು ಸಾಮಾನ್ಯ. ಕೊರಿಯಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ರಕ್ತದಲ್ಲಿ ವಿಟಮಿನ್ ಡಿ ಕಡಿಮೆಯಿದ್ದವರಿಗೆ ಅದನ್ನೂ ಕ್ಯಾಲ್ಸಿಯಂ ಅನ್ನೂ ಕೊಟ್ಟಾಗ ಮರುಕಳಿಕೆ ಗಮನಾರ್ಹವಾಗಿ ಇಳಿದದ್ದು ಕಂಡುಬಂತು. ಚಿಕ್ಕಮ್ಮನ ರಕ್ತಪರೀಕ್ಷೆಯಲ್ಲೂ ಅದು ಕಡಿಮೆಯಿತ್ತು, ವೈದ್ಯರು ಹೇಳಿದ ಪ್ರಮಾಣದಲ್ಲಿ ಈಗ ತೆಗೆದುಕೊಳ್ಳುತ್ತಿದ್ದಾರೆ. ಅನಂತರವೂ ಒಮ್ಮೆ ತಲೆಸುತ್ತು ಮರಳಿತು. ಆ ಸಲ ಅವರು ಯಾರ ಕಷಾಯಕ್ಕೂ ಕಾಯದೆ, ಬಲಮಗ್ಗುಲಿಗೆ ಹೊರಳಿದಾಗ ಬರುತ್ತಿದೆ, ಅರ್ಧ ನಿಮಿಷ ಇರುತ್ತದೆ, ಕಿವಿ ಎಂದಿನಂತಿದೆ ಎಂದು ಚೀಟಿಯಲ್ಲಿ ಬರೆದುಕೊಂಡು ನೇರವಾಗಿ ತಜ್ಞೆಯ ಬಳಿಗೆ ಹೋದರು. ಈ ಬಾರಿ ಬಲಗಿವಿಯ ನಾಳ.