ಎಫ್1 ಒತ್ತಿದ ಮೇಷ್ಟ್ರು, ಫಾರ್ಮ್ಯಾಟ್ ಮಾಡಿದ ನಾನು

"ಮಾರಾಯ, ನನ್ನ ಇತಿಹಾಸವೆಲ್ಲ ಇಂಗ್ಲಿಷ್ ಆಗಿಬಿಟ್ಟಿದೆ!"

2024ರ ಏಪ್ರಿಲ್. ಸಾಗರದಲ್ಲಿ ನನ್ನ ಅಂಗಡಿಯ ಶಟರ್ ಇನ್ನೂ ಅರ್ಧ ಎತ್ತಿದ್ದೆ, ಅಷ್ಟರಲ್ಲಿ ಈ ಫೋನ್. ಮಾತಾಡಿದವರು ಹೈಸ್ಕೂಲಿನಲ್ಲಿ ನನಗೆ ಸಮಾಜ ಪಾಠ ಮಾಡಿದ ಮೇಷ್ಟ್ರು. ನಿವೃತ್ತರಾದ ಮೇಲೆ ಊರಿನ ದೇವಸ್ಥಾನದ ಇತಿಹಾಸ ಬರೆಯುತ್ತಿದ್ದಾರೆ. ಹಿಂದಿನ ದಿನವಷ್ಟೇ ಅವರ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿ, ಅಂದರೆ ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿ, ಕೊಟ್ಟಿದ್ದೆ. ಫೈಲ್‌ಗಳನ್ನೆಲ್ಲ ಜೋಪಾನವಾಗಿ ಕಾಪಿ ಮಾಡಿ ವಾಪಸ್ ಹಾಕಿದ್ದೆ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಹಾಕುವುದನ್ನು ಮಾತ್ರ ಮರೆತಿದ್ದೆ. ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹಳೆಯ ನುಡಿ ಫೈಲ್ ತೆರೆದರೆ ಏನು ಕಾಣುತ್ತದೆ ಅಂತ ಟೈಪ್ ಮಾಡಿದವರಿಗೆ ಗೊತ್ತೇ ಇದೆ. ಅರವತ್ತು ಪುಟದ ತುಂಬಾ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ.

ನುಡಿ ಹಾಕಿದೆ, ಇತಿಹಾಸ ಕನ್ನಡಕ್ಕೆ ಮರಳಿತು. ಆದರೆ ನಾನು ಫಾರ್ಮ್ಯಾಟ್ ಮಾಡಿದ್ದು ಯಾಕೆ? ವಿಂಡೋಸ್ ಅಪ್‌ಡೇಟ್ ಆಗುತ್ತಿರಲಿಲ್ಲ ಅಂತ. ಅದು ಆ ಕಂಪ್ಯೂಟರಿಗೆ ಎರಡನೇ ಫಾರ್ಮ್ಯಾಟ್. ಮೊದಲನೆಯದು ಫೆಬ್ರವರಿಯಲ್ಲಿ ಆಗಿತ್ತು. ಮೇ ತಿಂಗಳಲ್ಲಿ ಮತ್ತೆ ಅದೇ ದೂರು ಬಂತು. "ಫೇಲ್ಡ್ ಅಂತ ಕೆಂಪಗೆ ತೋರಿಸ್ತಾ ಇದೆ. ನೀನು ಫಾರ್ಮ್ಯಾಟ್ ಮಾಡಿದ್ದು ಸರಿ ಉಂಟಾ?" ಅಂತ ಕೇಳಿದರು. ಹತ್ತನೇ ಕ್ಲಾಸಿನಲ್ಲಿ ಹೋಂವರ್ಕ್ ಕೇಳುತ್ತಿದ್ದ ದನಿಯೇ.

ನಮ್ಮ ಕಸುಬಿನಲ್ಲಿ ಫಾರ್ಮ್ಯಾಟ್ ಅನ್ನುವುದು ಒಂದು ಚಟ. ಯಾವ ದೂರು ಬಂದರೂ, "ಒಂದ್ಸಲ ಫಾರ್ಮ್ಯಾಟ್ ಮಾಡಿಬಿಡೋಣ" ಅಂದುಬಿಡುತ್ತೇವೆ. ಮೂರು ತಾಸಿನ ಕೆಲಸ, ಐನೂರು ರೂಪಾಯಿ, ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಗಿರಾಕಿಗೂ ಖುಷಿ, ಕಂಪ್ಯೂಟರ್ ಹೊಸದರ ಹಾಗೆ ಓಡುತ್ತದೆ. ಯಾಕೆ ಕೆಟ್ಟಿತ್ತು ಅನ್ನುವ ಪ್ರಶ್ನೆ ಮಾತ್ರ ಹಾಗೇ ಉಳಿದುಬಿಡುತ್ತದೆ. ಮೇಷ್ಟ್ರ ಕಂಪ್ಯೂಟರ್ ಎರಡು ಸಲವೂ ನನ್ನ ಮೇಜಿನ ಮೇಲೆ ಎರಡೆರಡು ದಿನ ಕೂತಿತ್ತು. ಅಂಗಡಿಯಲ್ಲಿ ಎಲ್ಲ ಅಪ್‌ಡೇಟೂ ಸರಾಗವಾಗಿ ಇಳಿದು, ಇನ್‌ಸ್ಟಾಲ್ ಆಗಿ, ಹಸಿರು ಟಿಕ್ ಬಂದಿತ್ತು. ಮನೆಗೆ ಹೋದ ತಿಂಗಳಿಗೆ ಮತ್ತೆ ಕೆಂಪು.

ಅಂಗಡಿಯಲ್ಲಿ ಸರಿ, ಮನೆಯಲ್ಲಿ ಕೆಡುತ್ತದೆ ಅಂದರೆ ತಪ್ಪು ಮನೆಯಲ್ಲೇ ಇರಬೇಕು ಅಲ್ವಾ? ಅದು ಹೊಳೆಯಲು ನನಗೆ ಮೂರನೇ ದೂರು ಬೇಕಾಯಿತು. ಬೈಕ್ ಹತ್ತಿ ಹೊರಟೆ. ಊರು ಪೇಟೆಯಿಂದ ಹನ್ನೆರಡು ಕಿಲೋಮೀಟರ್, ಕೊನೆಯ ಎರಡು ಕಿಲೋಮೀಟರ್ ಮಣ್ಣಿನ ರಸ್ತೆ.

ಕಂಪ್ಯೂಟರ್ ಆನ್ ಮಾಡಿದರು. ಕಪ್ಪು ಪರದೆಯ ಮೇಲೆ, ಮುಂದೆ ಹೋಗಲು ಎಫ್1 ಒತ್ತಿ ಅನ್ನುವ ಬಿಳಿ ಅಕ್ಷರದ ಎರಡು ಸಾಲು ಬಂದು ನಿಂತವು. ಮೇಷ್ಟ್ರು ನೋಡದೇ ಎಫ್1 ಒತ್ತಿದರು. ವಿಂಡೋಸ್ ತೆರೆಯಿತು. ಮೂಲೆಯಲ್ಲಿ ತಾರೀಕು ನೋಡಿದರೆ 2017ರ ಜನವರಿ 1. ಅವರು ಕನ್ನಡಕ ಏರಿಸಿ, ಗೋಡೆಯ ಗಡಿಯಾರ ನೋಡಿ, ತಾರೀಕು ಸಮಯ ಎರಡನ್ನೂ ಕೈಯಲ್ಲಿ ತಿದ್ದಿದರು.

"ದಿನಾ ಹೀಗೇ ಮಾಡ್ತೀರಾ ಸರ್?"

"ಮತ್ತೆ? ಗಡಿಯಾರಕ್ಕೆ ಕೀ ಕೊಟ್ಟ ಹಾಗೆ. ಕೆಲವು ದಿನ ಮರೆತುಹೋಗ್ತದೆ."

ನಾಚಿಕೆಯಾಯಿತು. ಯಾಕೆಂದರೆ ಆ ಎಫ್1 ಅನ್ನು ಅಂಗಡಿಯಲ್ಲಿ ನಾನೂ ಒತ್ತಿದ್ದೆ. ತಾರೀಕು ನಾನೂ ತಿದ್ದಿದ್ದೆ. ಆಮೇಲೆ ಎರಡು ದಿನವೂ ಪ್ಲಗ್ ತೆಗೆಯಲಿಲ್ಲ. ಹಾಗಾಗಿ ತಾರೀಕು ಮತ್ತೆ ಹಿಂದೆ ಹೋಗಲಿಲ್ಲ, ನಾನೂ ಅದನ್ನು ಮರೆತೆ.

ಮದರ್‌ಬೋರ್ಡಿನ ಮೇಲೆ ನಾಣ್ಯದಷ್ಟು ಅಗಲದ ಒಂದು ಸೆಲ್ ಇರುತ್ತದೆ. ಸಿಆರ್ 2032, 3 ವೋಲ್ಟ್. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದರ ಕೆಲಸ. ಅದು ಸತ್ತರೆ ಪ್ಲಗ್ ಕಿತ್ತಾಗಲೆಲ್ಲ ಕಂಪ್ಯೂಟರ್ ತನ್ನ ಹಳೆಯ ತಾರೀಕಿಗೆ ವಾಪಸ್ ಹೋಗುತ್ತದೆ. ತಾರೀಕಿಗೂ ಅಪ್‌ಡೇಟಿಗೂ ಏನು ಸಂಬಂಧ? ಅಪ್‌ಡೇಟ್ ಕಳಿಸುವ ಸರ್ವರ್ ತಾನು ಅಸಲಿ ಅಂತ ತೋರಿಸಲು ಒಂದು ಸರ್ಟಿಫಿಕೇಟ್ ಕೊಡುತ್ತದೆ. ಬಸ್ ಪಾಸಿನ ಹಾಗೆ ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಇರುತ್ತದೆ. ನಮ್ಮ ಕಂಪ್ಯೂಟರ್ ಇವತ್ತು 2017 ಅಂದುಕೊಂಡು ಕೂತಿದ್ದರೆ, 2024ರಲ್ಲಿ ಕೊಟ್ಟ ಪಾಸ್ ನೋಡಿ "ಇದು ಇನ್ನೂ ಶುರುವೇ ಆಗಿಲ್ಲ" ಅಂತ ಬಾಗಿಲು ಹಾಕುತ್ತದೆ. ಅಪ್‌ಡೇಟ್ ಪುಟದಲ್ಲಿ 80072ಎಫ್8ಎಫ್ ಅಂತ ಕೋಡ್ ಬರುತ್ತದೆ. ಮೇಷ್ಟ್ರ ಕಂಪ್ಯೂಟರಿನ ಅಪ್‌ಡೇಟ್ ಹಿಸ್ಟರಿ ತೆಗೆದರೆ ಅದೇ ಕೋಡ್. ಎರಡು ಫಾರ್ಮ್ಯಾಟ್ ಮಾಡುವ ಮೊದಲು ಆ ಕೋಡನ್ನು ನಾನು ಒಂದು ಸಲ ಓದಿದ್ದರೆ ಸಾಕಿತ್ತು.

ಸೆಲ್ ಹಾಕಿದೆ. ನಲವತ್ತು ರೂಪಾಯಿ. ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಹಿಸ್ಟರಿಯಲ್ಲಿ ಬೇರೆ ಥರದ ಫೇಲ್‌ಗಳೂ ಇದ್ದವು. ಅವು ಡೌನ್‌ಲೋಡ್ ಆಗಿ, ಇನ್‌ಸ್ಟಾಲ್ ಶುರುವಾಗಿ, ನಡುವೆ ಬಿದ್ದುಹೋದವು. ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಇವೆಂಟ್ ವ್ಯೂವರ್ ತೆಗೆದು ನೋಡಿದೆ. ಕರ್ನಲ್-ಪವರ್ 41, ಕರ್ನಲ್-ಪವರ್ 41, ಸಾಲಾಗಿ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗದೆ ಕಂಪ್ಯೂಟರ್ ನಿಂತುಹೋಗಿದೆ ಅಂತ ಅದರರ್ಥ. ಲೋಡ್‌ಶೆಡ್ಡಿಂಗ್ ಇರಬಹುದು ಅಂದುಕೊಂಡರೆ, ಜೊತೆಗಿದ್ದ 6008 ಅನ್ನುವ ನಮೂದುಗಳಲ್ಲಿ ಹಾಗೆ ನಿಂತ ಸಮಯ ಎಲ್ಲ ರಾತ್ರಿ ಒಂಬತ್ತರ ಸುತ್ತಮುತ್ತ. ವಿದ್ಯುತ್ ಇಲಾಖೆಯವರು ಅಷ್ಟು ಶಿಸ್ತಾಗಿ ಕರೆಂಟ್ ತೆಗೆಯುವುದಿಲ್ಲ.

"ಸರ್, ರಾತ್ರಿ ಕಂಪ್ಯೂಟರ್ ಹೇಗೆ ಆಫ್ ಮಾಡ್ತೀರಿ ಅಂತ ಒಂದ್ಸಲ ತೋರಿಸಿ."

ತೋರಿಸಿದರು. ಸ್ಟಾರ್ಟ್ ಒತ್ತಿ "ಅಪ್‌ಡೇಟ್ ಆಂಡ್ ಶಟ್‌ಡೌನ್" ಕೊಟ್ಟರು. ತಕ್ಷಣ ಮಾನಿಟರಿನ ಬಟನ್ ಒತ್ತಿದರು. ಪರದೆ ಕಪ್ಪಾಯಿತು. ಮೇಷ್ಟ್ರ ಮನೆಯ ಅಮ್ಮನವರು ಹೆಣೆದ ಕ್ರೋಶಾ ಬಟ್ಟೆಯನ್ನು ಮಾನಿಟರಿಗೂ ಸಿಪಿಯುಗೂ ಹೊದಿಸಿದರು. ಬಗ್ಗಿ ಗೋಡೆಯ ಸ್ವಿಚ್ ಆಫ್ ಮಾಡಿ ಪ್ಲಗ್ಗನ್ನೇ ಕಿತ್ತು ಕೆಳಗಿಟ್ಟರು. ಎಲ್ಲ ಸೇರಿ ಅರ್ಧ ನಿಮಿಷವೂ ಇಲ್ಲ. ಸ್ವಿಚ್ ಆಫ್ ಆಗುವ ಒಂದು ಕ್ಷಣ ಮೊದಲು ಆ ಬಟ್ಟೆಯ ತೂತುಗಳ ಒಳಗೆ ಹಾರ್ಡ್‌ಡಿಸ್ಕಿನ ಕೆಂಪು ದೀಪ ಪಟಪಟ ಮಿನುಗುತ್ತಿದ್ದುದನ್ನು ನಾನು ನೋಡಿದೆ. ಒಳಗೆ ಅಪ್‌ಡೇಟ್ ನಡೆಯುತ್ತಿತ್ತು. "ಕಂಪ್ಯೂಟರ್ ಆಫ್ ಮಾಡಬೇಡಿ" ಅನ್ನುವ ಸಾಲು ಕಪ್ಪು ಮಾಡಿದ ಪರದೆಯ ಹಿಂದೆ ಇತ್ತು. ಮೇಷ್ಟ್ರು ಅದನ್ನು ಒಂದು ದಿನವೂ ನೋಡಿದವರಲ್ಲ.

"ಪ್ಲಗ್ ಯಾಕೆ ಕೀಳ್ತೀರಿ ಸರ್?"

ಉತ್ತರ ಕೊಟ್ಟವರು ಅಮ್ಮ. "ಹೋದ ವರ್ಷ ಸಿಡಿಲಿಗೆ ಟಿವಿ, ಮೋಡೆಮ್ ಎರಡೂ ಸುಟ್ಟುಹೋದವು. ಮತ್ತೆ ಕೀಳದೆ ಇರ್ಲಿಕ್ಕಾಗ್ತದಾ?"

ಮಲೆನಾಡಿನಲ್ಲಿ ಏಪ್ರಿಲ್-ಮೇ ಸಂಜೆಯ ಗುಡುಗು ಮಳೆ ಕಂಡವರು ಈ ಮಾತಿಗೆ ಎದುರಾಡುವುದಿಲ್ಲ. ನಮ್ಮ ಮನೆಯಲ್ಲೂ ಕೀಳುತ್ತೇವೆ. ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು, ಪ್ಲಗ್ ಕೀಳುವುದೇ ಸರಿ. ಅಂದರೆ ಅವರು ತಪ್ಪೇನೂ ಮಾಡಿರಲಿಲ್ಲ. ಆದರೆ ಅದೇ ಪ್ಲಗ್ಗಿನಿಂದ ಎರಡು ಕಾಯಿಲೆ ಹುಟ್ಟಿದ್ದವು. ರಾತ್ರಿಯ ಅಪ್‌ಡೇಟ್ ಅರ್ಧಕ್ಕೇ ಸಾಯುತ್ತಿತ್ತು. ಮತ್ತೆ, ಪ್ಲಗ್ ಇದ್ದರೆ ಕಂಪ್ಯೂಟರ್ ಆಫ್ ಆಗಿದ್ದರೂ ಗಡಿಯಾರಕ್ಕೆ ಕರೆಂಟ್ ಸಿಗುತ್ತದೆ, ಸೆಲ್ ಸುಮ್ನೆ ಕೂತಿರುತ್ತದೆ. ಇಲ್ಲಿ ಆ ಸೆಲ್ ದಿನವೂ ರಾತ್ರಿಯಿಡೀ ದುಡಿದು ಬೇಗ ಸೋತಿತ್ತು. ಫಾರ್ಮ್ಯಾಟ್ ಇದರಲ್ಲಿ ಯಾವುದನ್ನು ಸರಿಮಾಡೀತು?

ಆ ದಿನದಿಂದ ಅಂಗಡಿಯಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಅಪ್‌ಡೇಟ್ ದೂರು ಬಂದರೆ ಮೊದಲು ಕೋಡ್ ಬರೆಯುತ್ತೇನೆ, ಆಮೇಲೆ ಕೈ ಹಾಕುತ್ತೇನೆ. 80070070 ಬಂದರೆ ಸಿ ಡ್ರೈವ್‌ನಲ್ಲಿ ಜಾಗ ಇಲ್ಲ. 128 ಜಿಬಿಯ ಎಸ್‌ಎಸ್‌ಡಿ ಹಾಕಿಸಿಕೊಂಡವರ ಮನೆಯಲ್ಲಿ ಇದು ಮಾಮೂಲು. ಮದುವೆ ವಿಡಿಯೋ ಡೆಸ್ಕ್‌ಟಾಪಿನಲ್ಲೇ ಇರುತ್ತದೆ. ಡೆಸ್ಕ್‌ಟಾಪ್ ಕೂಡ ಸಿ ಡ್ರೈವ್‌ನ ಒಳಗೇ ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ.

ಕೆಲವರಿಗೆ ಕೋಡೇ ಬರುವುದಿಲ್ಲ, ಅಪ್‌ಡೇಟ್ ಶುರುವೇ ಆಗುವುದಿಲ್ಲ. ಕೇಳಿದರೆ ಮೊಬೈಲ್ ಹಾಟ್‌ಸ್ಪಾಟ್. ಆ ಕನೆಕ್ಷನ್ "ಮೀಟರ್ಡ್" ಅಂತ ಗುರುತಾಗಿದ್ದರೆ ನಿಮ್ಮ ಡೇಟಾ ಖರ್ಚಾಗದಿರಲಿ ಅಂತ ವಿಂಡೋಸ್ ಅಪ್‌ಡೇಟನ್ನು ತಡೆದಿಟ್ಟಿರುತ್ತದೆ. ಅದು ರೋಗ ಅಲ್ಲ, ಉಪಕಾರ. ವೈಫೈ ಇರುವ ನೆಂಟರ ಮನೆಗೆ ಲ್ಯಾಪ್‌ಟಾಪ್ ಒಯ್ದು ಒಂದು ಮಧ್ಯಾಹ್ನ ಕೂರಿಸಿ ಅನ್ನುತ್ತೇನೆ.

ಇಳಿಸಿದ ಫೈಲೇ ಕೆಟ್ಟಿದ್ದರೆ ವಿಂಡೋಸ್ ಅಪ್‌ಡೇಟ್ ಮತ್ತು ಅದಕ್ಕೆ ಫೈಲ್ ಇಳಿಸಿಕೊಡುವ ಬಿಟ್ಸ್, ಈ ಎರಡು ಸರ್ವೀಸನ್ನೂ ನಿಲ್ಲಿಸಿ, ವಿಂಡೋಸ್ ಫೋಲ್ಡರಿನ ಒಳಗಿನ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್ ಫೋಲ್ಡರಿಗೆ ಬೇರೆ ಹೆಸರು ಕೊಟ್ಟು, ಸರ್ವೀಸ್ ಮತ್ತೆ ಶುರುಮಾಡುತ್ತೇನೆ. ಹೊಸ ಫೋಲ್ಡರ್ ತಾನೇ ಹುಟ್ಟುತ್ತದೆ, ಡೌನ್‌ಲೋಡ್ ಮೊದಲಿನಿಂದ ಆಗುತ್ತದೆ. ಹಿಸ್ಟರಿ ಪಟ್ಟಿ ಖಾಲಿಯಾಗುತ್ತದೆ, ಹಾಗಾಗಿ ಕೋಡ್ ಬರೆದಿಟ್ಟುಕೊಳ್ಳದೆ ಇದನ್ನು ಮಾಡಬಾರದು. ಅದಕ್ಕೂ ಬಗ್ಗದಿದ್ದರೆ ವಿಂಡೋಸಿನದೇ ಎರಡು ರಿಪೇರಿ ಕಮಾಂಡ್: ಮೊದಲು ಡಿಸ್ಮ್‌ನ ರಿಸ್ಟೋರ್‌ಹೆಲ್ತ್, ಆಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ. ಈ ಕ್ರಮದಲ್ಲೇ. ಎಸ್‌ಎಫ್‌ಸಿ ಸರಿಮಾಡಲು ಬೇಕಾದ ಒಳ್ಳೆಯ ಫೈಲ್‌ಗಳ ಉಗ್ರಾಣವನ್ನು ಮೊದಲು ಡಿಸ್ಮ್ ರಿಪೇರಿ ಮಾಡಬೇಕು. ಮೇಷ್ಟ್ರ ಕಂಪ್ಯೂಟರಿಗೂ ಇದನ್ನು ಮಾಡಬೇಕಾಯಿತು. ಅಷ್ಟು ಸಲ ಪ್ಲಗ್ ಕಿತ್ತ ಮೇಲೆ ಒಳಗೆ ಏನಾದರೂ ಹರಿದಿರುತ್ತದೆ ಅಲ್ವಾ.

ಇನ್ನು 80070422. ಅಪ್‌ಡೇಟ್ ಸರ್ವೀಸನ್ನೇ ಯಾರೋ ಆಫ್ ಮಾಡಿಟ್ಟಿದ್ದಾರೆ ಅಂತ ಅರ್ಥ. ಆ 'ಯಾರೋ' ಎಷ್ಟೋ ಸಲ ನಾನೇ.

ಕಸುಬು ಶುರುಮಾಡಿದ ಕಾಲದಲ್ಲಿ ಹೊಸ ವಿಂಡೋಸ್ ಹಾಕಿದ ಕೂಡಲೇ ಅಪ್‌ಡೇಟ್ ಆಫ್ ಮಾಡುತ್ತಿದ್ದೆ. ಗಿರಾಕಿಗಳೇ ಕೇಳುತ್ತಿದ್ದರು, "ಆ ಅಪ್‌ಡೇಟ್ ಕಾಟ ಬೇಡ, ಡೇಟಾ ತಿನ್ನುತ್ತೆ." ನನಗೂ ಅನುಕೂಲ, ದೂರು ಕಮ್ಮಿ. 2017ರ ಮೇ 12ರಂದು ವನ್ನಾಕ್ರೈ ಅನ್ನುವ ಸುಲಿಗೆ ವೈರಸ್ ಹರಡಿತು. ಜಗತ್ತಿನ ಎಷ್ಟೋ ದೇಶಗಳಲ್ಲಿ ಕಂಪ್ಯೂಟರ್‌ಗಳು ಬೀಗ ಹಾಕಿಕೊಂಡವು. ಅದು ನುಸುಳಿದ ತೂತನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್ 14ಕ್ಕೇ ಬಂದಿತ್ತು. ಎರಡು ತಿಂಗಳು ಟೈಮ್ ಇತ್ತು. ಆ ವಾರಾಂತ್ಯ ನಾನು ಬಿಲ್ ಪುಸ್ತಕ ಹಿಡಿದು ಕೂತು ಒಬ್ಬೊಬ್ಬರಿಗೇ ಫೋನ್ ಮಾಡಿದೆ. "ನೀವೇ ಬೇಡ ಅಂದ್ರಲ್ಲ" ಅನ್ನುವಷ್ಟು ಧೈರ್ಯ ಬರಲಿಲ್ಲ. ಪುಣ್ಯಕ್ಕೆ ಯಾರದ್ದೂ ಹೋಗಲಿಲ್ಲ. ಈಗಲೂ ಹಳೆಯ ಕಂಪ್ಯೂಟರ್ ಯಾವುದಾದರೂ ಮೇಜಿಗೆ ಬಂದು 422 ತೋರಿಸಿದರೆ ಬಿಲ್ ಮಾಡದೆ ಆನ್ ಮಾಡಿ ಕೊಡುತ್ತೇನೆ.

ಕೋಡ್ ಯಾವಾಗಲೂ ಸತ್ಯ ಹೇಳುತ್ತದೆ ಅಂತಲೂ ಅಲ್ಲ. 2024ರ ಜನವರಿ 9ರಂದು ವಿಂಡೋಸ್ 10ಕ್ಕೆ ಬಂದ ಒಂದು ಅಪ್‌ಡೇಟ್ ಸುಮಾರು ಕಂಪ್ಯೂಟರುಗಳಲ್ಲಿ 80070643 ಅಂತ ಬಿತ್ತು. ಬರೀ "ಇನ್‌ಸ್ಟಾಲ್ ಆಗಲಿಲ್ಲ" ಅನ್ನುವ ಅರ್ಥದ ಕೋಡ್. ನಿಜವಾದ ಕಾರಣ, ವಿಂಡೋಸ್ ಕೆಟ್ಟಾಗ ರಿಪೇರಿಗೆ ಅಂತ ಡಿಸ್ಕಿನಲ್ಲಿ ಮೀಸಲಿಟ್ಟ ರಿಕವರಿ ಪಾರ್ಟಿಷನ್‌ನಲ್ಲಿ 250 ಎಂಬಿ ಜಾಗ ಖಾಲಿ ಇಲ್ಲದ್ದು. ಜಾಗ ಸಾಲದು ಅಂತ ತೋರಿಸಬೇಕಾದ ಕಡೆ ತಪ್ಪು ಕೋಡ್ ಬರುತ್ತಿದೆ ಅಂತ ಮೈಕ್ರೋಸಾಫ್ಟೇ ತಿಳಿಸಿತ್ತು. ನಾನು ಅದನ್ನು ಓದುವ ಮೊದಲೇ ಮೇಷ್ಟ್ರದ್ದು ಅದೇ ಅಂತ ತೀರ್ಮಾನ ಮಾಡಿ ಫೆಬ್ರವರಿಯ ಮೊದಲ ಫಾರ್ಮ್ಯಾಟ್ ಮಾಡಿದ್ದೆ. ಅವರಿವರು ಹೇಳಿದ್ದು ಕಿವಿಗೆ ಬಿದ್ದಿತ್ತು, ಕಣ್ಣಲ್ಲಿ ನೋಡಿರಲಿಲ್ಲ.

ಮೇಷ್ಟ್ರ ಮನೆಗೆ ಕೊನೆಗೆ ಏನು ಮಾಡಿದೆ? ಪ್ಲಗ್ ಕೀಳಬೇಡಿ ಅಂತ ಹೇಳಲಿಲ್ಲ. ಹೇಳಿದ್ದರೂ ಅಮ್ಮ ಬಿಡುತ್ತಿರಲಿಲ್ಲ. ವಿಂಡೋಸಿನ ಮುಖ್ಯ ಅಪ್‌ಡೇಟ್ ತಿಂಗಳ ಎರಡನೇ ಮಂಗಳವಾರ ಅಮೆರಿಕದ ಬೆಳಿಗ್ಗೆ ಹೊರಡುತ್ತದೆ. ನಮಗೆ ಆಗ ರಾತ್ರಿ ಹತ್ತು ಗಂಟೆ ದಾಟಿರುತ್ತದೆ. ಹಾಗಾಗಿ ಮರುದಿನ ಬುಧವಾರ ಬೆಳಿಗ್ಗೆ, ತಿಂಡಿ ಆದ ಮೇಲೆ, ಆಕಾಶ ಬೆಳ್ಳಗಿದ್ದಾಗ, ಅವರೇ "ಚೆಕ್ ಫಾರ್ ಅಪ್‌ಡೇಟ್ಸ್" ಒತ್ತಬೇಕು. ಕೊನೆಗೆ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ಮಾನಿಟರ್ ಆಫ್ ಮಾಡುವಂತಿಲ್ಲ, ಬಟ್ಟೆ ಹೊದಿಸುವಂತಿಲ್ಲ. ಲಾಗಿನ್ ಪರದೆ ವಾಪಸ್ ಬಂದ ಮೇಲೆ ಬೇಕಾದರೆ ಶಟ್‌ಡೌನ್ ಮಾಡಿ, ಸಿಪಿಯು ದೀಪ ಆರಿದ್ದು ನೋಡಿ, ಪ್ಲಗ್ ಕೀಳಲಿ. ಮೇಷ್ಟ್ರು ಕ್ಯಾಲೆಂಡರ್ ಇಳಿಸಿ ಡಿಸೆಂಬರ್‌ವರೆಗೆ ಆ ಬುಧವಾರಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು. ಐನೂರರ ಎರಡು ನೋಟು ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಬದಲಿಗೆ ಒಂದು ಬಾಳೆಗೊನೆ ಬೈಕಿಗೆ ಕಟ್ಟಿದರು.

ಜೂನ್‌ನ ಬುಧವಾರ ಹತ್ತು ಗಂಟೆಗೆ ಫೋನ್ ಬಂತು.

"ಮಾರಾಯ, 74 ಪರ್ಸೆಂಟಿನಲ್ಲಿ ನಿಂತು ಹತ್ತು ನಿಮಿಷ ಆಯ್ತು. ಎಷ್ಟು ಹೊತ್ತು ಹೀಗೆ ನೋಡ್ತಾ ಕೂರಬೇಕು?"

"ನೋಡ್ತಾ ಕೂರಬೇಡಿ ಸರ್, ತೋಟಕ್ಕೆ ಹೋಗಿ ಬನ್ನಿ."

"ಮಳೆ ಬರ್ತಾ ಉಂಟು."

"ಗುಡುಗು ಇದೆಯಾ?"

ಫೋನ್ ಕೆಳಗಿಟ್ಟು ಜಗುಲಿಗೆ ಹೋಗಿ ನೋಡಿ ಬಂದರು. "ಇಲ್ಲ. ಬರೀ ಮಳೆ."