ಉಳಿ ಅಂದರೆ ಯಾವ ಉಳಿ?

ಸಾಮಾನಿನ ಪಟ್ಟಿಯಲ್ಲಿ ಬರೀ 'ಉಳಿ' ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ಮರ ಕೆತ್ತಲೋ ಕಬ್ಬಿಣ ಕತ್ತರಿಸಲೋ, ಅಗಲ ಎಷ್ಟು ಎಂಬುದೂ ಬೇಕು.

ಮರಗೆಲಸದ ಸಾಮಾನ್ಯ ಉಳಿಗೆ ಒಂದೇ ಕಡೆ ಇಳಿಜಾರು, ಸುಮಾರು 25 ಡಿಗ್ರಿ. ತುದಿಯಲ್ಲಿ ಮಾತ್ರ 30ಕ್ಕೆ ಸಾಣೆ ಹಿಡಿದರೆ ಹರಿತ ಬಾಳುತ್ತದೆ. ಬೆನ್ನು ಪೂರ್ತಿ ಸಮತಟ್ಟಾಗಿರಬೇಕು, ಇಲ್ಲದಿದ್ದರೆ ಎಷ್ಟು ಮಸೆದರೂ ಅಷ್ಟೇ. ಚೌಕ ತೂತು ತೋಡುವ ಮಾರ್ಟೈಸ್ ಉಳಿಯ ಅಲಗು ದಪ್ಪ. ಕೊಡತಿಯಿಂದ ಹೊಡೆದು, ಮೀಟಿ ಚಕ್ಕೆ ಎಬ್ಬಿಸಬಹುದು. ಅದೇ ಮೀಟುವ ಕೆಲಸವನ್ನು ತೆಳ್ಳನೆಯ ಉಳಿಗೆ ಕೊಟ್ಟರೆ ತುದಿ ಮುರಿಯುತ್ತದೆ. ತೆಳುವಾಗಿ ಹೆರೆಯುವ ಉಳಿಗಂತೂ ಹೊಡೆತವೇ ಬೇಡ, ಕೈಯಿಂದ ಒತ್ತಿದರೆ ಸಾಕು.

ಕಬ್ಬಿಣ ಕತ್ತರಿಸುವ ಕೋಲ್ಡ್ ಚಿಸಲ್ ಬೇರೆಯದೇ ಜಾತಿ. ಎರಡೂ ಕಡೆ ಇಳಿಜಾರು, ಮೆದು ಉಕ್ಕಿಗೆ ಒಟ್ಟು ಕೋನ ಸುಮಾರು 60 ಡಿಗ್ರಿ. ತಲೆಯನ್ನು ಬೇಕೆಂದೇ ಮೆದುವಾಗಿ ಬಿಟ್ಟಿರುತ್ತಾರೆ. ಹೊಡೆದು ಹೊಡೆದು ಅದು ಅಣಬೆಯಂತೆ ಅರಳುತ್ತದೆ. ಆ ಅಂಚಿನ ಚೂರು ಹಾರಿ ಕಣ್ಣಿಗೆ ಬೀಳುವುದುಂಟು. ಹಾಗಾಗಿ ಅರಳಿದ್ದನ್ನು ಆಗಾಗ ಗ್ರೈಂಡ್ ಮಾಡಿ ತೆಗೆಯಿರಿ, ಸುರಕ್ಷತಾ ಕನ್ನಡಕ ಹಾಕಿಕೊಂಡೇ ಹೊಡೆಯಿರಿ. ಮೊಳೆ ಕೀಳುವ ಸುತ್ತಿಗೆ ಇದಕ್ಕೆ ಬೇಡ, ಗುಂಡು ತಲೆಯ ಬಾಲ್ ಪೀನ್ ಸುತ್ತಿಗೆ ಬಳಸಿ.

ಯಾವ ಉಳಿಯನ್ನೇ ಗ್ರೈಂಡರ್‌ಗೆ ಹಿಡಿದರೂ ಮತ್ತೆ ಮತ್ತೆ ನೀರಿಗೆ ಅದ್ದಿ. ತುದಿ ನೀಲಿಗೆ ತಿರುಗಿತೆಂದರೆ ಉಕ್ಕಿನ ಹದ, ಅಂದರೆ ಗಡಸುತನ ಹೋಯಿತು. ಆ ನೀಲಿ ಭಾಗವನ್ನು ನಿಧಾನವಾಗಿ ಪೂರ್ತಿ ಸವೆಸಿ ತೆಗೆದು ಹೊಸದಾಗಿ ಹರಿತ ಮಾಡಬೇಕು.