ಲೂಫಿಯ ಹುಲ್ಲಿನ ಟೋಪಿ

ಇವತ್ತು ಇಂದಿರಾನಗರದಲ್ಲಿ ಮೆಟ್ರೋ ಹತ್ತಿದ ಹುಡುಗನ ಬೆನ್ನಿಗೆ ಹುಲ್ಲಿನ ಟೋಪಿ ನೇತಾಡ್ತಿತ್ತು. ಸುತ್ತ ಕೆಂಪು ಪಟ್ಟಿ. 'ಒನ್ ಪೀಸ್' ಅನ್ನೋ ಜಪಾನಿನ ಅನಿಮೆ (ಕಾರ್ಟೂನ್ ಸರಣಿ) ಹೀರೋ, ಕಡಲ್ಗಳ್ಳ ಲೂಫಿದು!

ಅವನ ಜೊತೆಗಿದ್ದ ಗೆಳೆಯ ಕೇಳ್ದ, "ನಿಜವಾದ ನಟರನ್ನ ಹಾಕಿ ಮಾಡಿದ್ರೆ ಅನಿಮೆ ಥರ ಇರತ್ತೇನೋ ಮಗಾ?"

"ನಾಮಿ ಸೀನ್ ನೋಡು, ಆಮೇಲೆ ಮಾತಾಡು."

ಟೋಪಿ ಹುಡುಗ ಸರಿಯಾಗೇ ಹೇಳ್ದ.

2023ರಲ್ಲಿ ನಿಜವಾದ ನಟರನ್ನ ಹಾಕಿ ಮಾಡಿದ 'ಒನ್ ಪೀಸ್' ನೆಟ್‌ಫ್ಲಿಕ್ಸ್‌ಗೆ ಬಂದಾಗ ನಾನೂ ಅದಕ್ಕೇ ಕಾದಿದ್ದೆ. ಊರನ್ನೇ ಹಿಡಿದಿಟ್ಟ ಕಡಲ್ಗಳ್ಳ ಆರ್ಲಾಂಗ್‌ನ ಗುರುತು ತನ್ನ ತೋಳಿನ ಮೇಲೆ ಹಚ್ಚೆಯಾಗಿರೋದಕ್ಕೆ ಚಾಕು ಚುಚ್ಚಿ ಚುಚ್ಚಿ ಸೋತ ಲೂಫಿ ಜೊತೆಗಾತಿ ನಾಮಿ, ಸಹಾಯ ಮಾಡು ಅಂತಾಳೆ. ಲೂಫಿ ಏನೂ ಕೇಳಲ್ಲ. ಜೀವದಂಗೆ ಕಾಪಾಡ್ಕೊಂಡ ಟೋಪಿ ತೆಗೆದು ಅವಳ ತಲೆ ಮೇಲೆ ಇಡ್ತಾನೆ. ಅಷ್ಟೇ.

ಲೂಫಿ ಕೈ ರಬ್ಬರಿನ ಹಾಗೆ ಉದ್ದ ಆಗೋದು ಗ್ರಾಫಿಕ್ಸ್‌ನವರ ಕೆಲಸ, ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ನಡೆಯತ್ತೆ. ಈ ಗಳಿಗೆ ಕೆಟ್ಟಿದ್ರೆ ನಾನಂತೂ ಮುಂದೆ ನೋಡ್ತಿರಲಿಲ್ಲ. ಕೆಡಲಿಲ್ಲ. ಕಣ್ಣು ತುಂಬಿ ಬಂತು. ಮೂಲ ಮಾಂಗಾ (ಜಪಾನಿ ಕಾಮಿಕ್ಸ್) ಬರೆದ ಐಚಿರೋ ಓಡಾ ಈ ಸರಣಿ ಮಾಡೋವಾಗ ಜೊತೆಗಿದ್ರು. ಅದು ಕಾಣತ್ತೆ.

ಇನ್ನೊಂದು ಅನಿಮೆ 'ಕೌಬಾಯ್ ಬೀಬಾಪ್' ಕೂಡ ಹೀಗೇ ನಟರನ್ನ ಹಾಕಿ 2021ರಲ್ಲಿ ಬಂತು, ಒಂದೇ ಸೀಸನ್‌ಗೆ ನಿಂತೋಯ್ತು. ಸಂಗೀತ ಹಳೇ ಅನಿಮೆಗೆ ಮಾಡಿದ್ದ ಯೋಕೋ ಕಾನ್ನೋ ಅವರದ್ದೇ! ಬಟ್ಟೆ, ಕೂದಲು ಎಲ್ಲಾ ಹೊಂದಿಸಿದ್ರು. ಅದರ ಹೀರೋ ಸ್ಪೈಕ್‌ನ ಆ ಒಂಟಿತನ ಮಾತ್ರ ನಂಗೆ ಸಿಗಲೇ ಇಲ್ಲ.

ಅಭಿಮಾನಿಗಳದ್ದು ಬರೀ ಹಠ ಅಂತ ಬೈಬೇಡಿ ದಯವಿಟ್ಟು. ಊರು ಬದಲಾಯಿಸಿ, ಉಪಕಥೆ ಬಿಡಿ, ಪರವಾಗಿಲ್ಲ. ಎಂಟನೇ ಕ್ಲಾಸಲ್ಲಿ ನೋಡಿ ಅತ್ತಿದ್ದ ಸೀನ್‌ನಲ್ಲಿ ಈಗ್ಲೂ ಅಳು ಬರ್ಬೇಕು, ಅಷ್ಟು ಕೇಳ್ತೀವಿ.

ನಿಮಗೆ ಯಾವ ಅನಿಮೆದು ಯಾವ ಸೀನ್ ಕೆಡಬಾರದು? ಹೇಳಿ.